ಕಚ್ಚಾ ತೈಲದ ಕಲ್ಮಶಗಳು: ಪಿಪಿಎಂ ಲೆಕ್ಕ

ಗಂಧಕ ಸುಮಾರು ಶೇ 0.5ಕ್ಕಿಂತ ಕಡಿಮೆ ಇರುವ ಕಚ್ಚಾ ತೈಲ ‘ಸ್ವೀಟ್’, ಹೆಚ್ಚಿದ್ದರೆ ‘ಸೋರ್’. ಇಷ್ಟು ಎಲ್ಲ ಗೈಡುಗಳಲ್ಲೂ ಇದೆ. ರಿಫೈನರಿಗೆ ನಿಜವಾದ ತಲೆನೋವು ಪಿಪಿಎಂನಲ್ಲಿ, ಅಂದರೆ ಕಿಲೋಗೆ ಇಷ್ಟು ಮಿಲಿಗ್ರಾಂ ಎಂದು ಅಳೆಯುವ ಲೋಹಗಳು. ವೆನೇಡಿಯಂ ಮತ್ತು ನಿಕಲ್ ದುಬಾರಿ ವೇಗವರ್ಧಕಗಳ ಮೇಲೆ ಕೂತು ಅವುಗಳ ಶಕ್ತಿ ಕುಂದಿಸುತ್ತವೆ. ವೆನೆಜುವೆಲಾದ ಬೊಸ್ಕಾನ್ ತೈಲದಲ್ಲಂತೂ ವೆನೇಡಿಯಂ 1000 ಪಿಪಿಎಂ ದಾಟುತ್ತದೆ! ತೈಲದೊಂದಿಗೆ ಬರುವ ಕ್ಲೋರೈಡ್ ಲವಣಗಳು ಕಾದಾಗ ಹೈಡ್ರೋಜನ್ ಕ್ಲೋರೈಡ್ ಹೊಮ್ಮಿ, ನೀರು ಸೇರಿದಲ್ಲಿ ಆಮ್ಲವಾಗಿ ಕೊಳವೆಗಳನ್ನು ತಿನ್ನುತ್ತದೆ. ಆದ್ದರಿಂದ ಬಟ್ಟಿ ಇಳಿಸುವ ಮೊದಲೇ ಡಿಸಾಲ್ಟರ್‌ನಲ್ಲಿ ತೊಳೆಯುತ್ತಾರೆ. ಗಂಧಕ ಅಳೆಯಲು ಎಕ್ಸ್-ರೇ ಫ್ಲೋರೆಸೆನ್ಸ್, ಲೋಹಗಳಿಗೆ ಐಸಿಪಿ (ಇಂಡಕ್ಟಿವ್ಲಿ ಕಪಲ್ಡ್ ಪ್ಲಾಸ್ಮಾ) ವಿಧಾನ. ನೆನಪಿಡಿ: 2020ರ ಏಪ್ರಿಲ್ 1ರಿಂದ ಭಾರತದಲ್ಲಿ ದೇಶವ್ಯಾಪಿಯಾದ ಬಿಎಸ್-6 (ಭಾರತ್ ಸ್ಟೇಜ್-6) ಇಂಧನದಲ್ಲಿ ಗಂಧಕದ ಮಿತಿ 10 ಪಿಪಿಎಂ; ಬಿಎಸ್-4ರಲ್ಲಿ 50 ಇತ್ತು.