ಭೋಗ್ಯವೋ, ಕ್ರಯವೋ: ಗಡಿನಾಡಿನ ಕನ್ನಡ ಪತ್ರವೂ ಮೇಲ್ಮನವಿಯೂ

ಒಂದು ಪದದ ಅರ್ಥನಿರ್ಣಯವೇ ಹೊಲದ ಒಡೆತನವನ್ನು ನಿರ್ಧರಿಸುವ ಸಂದರ್ಭಗಳು ನ್ಯಾಯಾಲಯಗಳಲ್ಲಿ ಒದಗುತ್ತವೆ. ಆಂಧ್ರಪ್ರದೇಶದ ರಾಯದುರ್ಗ, ಮಡಕಶಿರಾ ಸೀಮೆಗಳಲ್ಲಿ ಅದರೊಡನೆ ಭಾಷೆಯ ಗಡಿಯೂ ಕೂಡಿಕೊಳ್ಳುತ್ತದೆ. ರಾಯದುರ್ಗವು ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿದ್ದು, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಸೇರಿ ಅನಂತಪುರ ಜಿಲ್ಲೆಯದಾಯಿತು. ಮೊದಲಿನಿಂದಲೂ ಅನಂತಪುರಕ್ಕೆ ಸೇರಿದ್ದ ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಮೇಲ್ಮನವಿಯ ಪೀಠವೂ ಮದರಾಸಿನಿಂದ ಗುಂಟೂರಿಗೆ, 1956ರಲ್ಲಿ ಹೈದರಾಬಾದಿಗೆ, 2019ರ ಜನವರಿ 1ರಿಂದ ಅಮರಾವತಿಗೆ ಸಾಗಿತು. ಮನೆಯ ಪೆಟ್ಟಿಗೆಯಲ್ಲಿರುವ ಹಳೆಯ ಪತ್ರದ ಕನ್ನಡ ಮಾತ್ರ ಇದ್ದಂತೆಯೇ ಇದೆ.

ಅಂತಹ ಪತ್ರವೊಂದರಲ್ಲಿ ‘ಭೋಗ್ಯ’ ಎಂಬ ಪದವಿದೆ ಎಂದುಕೊಳ್ಳೋಣ. ಬೆಂಗಳೂರಿನ ಬಾಡಿಗೆದಾರರಿಗೆ ಅದು ಮನೆಯ ಮಾತು. ಹೊಲದ ಪತ್ರದಲ್ಲಿ ಅದಕ್ಕೆ ಬೇರೆ ತೂಕವಿದೆ. ಸಾಲ ಕೊಟ್ಟವನು ಭೂಮಿಯನ್ನು ವಶಕ್ಕೆ ಪಡೆದು, ಬಡ್ಡಿಯ ಬದಲಿಗೆ ಫಸಲನ್ನು ಅನುಭವಿಸುತ್ತಾನೆ. ಒಡೆತನ ಸಾಲಗಾರನಲ್ಲಿಯೇ ಉಳಿಯುತ್ತದೆ. ‘ಕ್ರಯ’ದಲ್ಲಿ ಒಡೆತನವೇ ಕೈಬದಲಾಗುತ್ತದೆ. ಇವೆರಡರ ನಡುವೆ ನಿಲ್ಲುವ ‘ಅವಧಿ ಕ್ರಯ’ವೇ ಹೆಚ್ಚು ತೊಡಕಿನದು: ಹೆಸರಿನಲ್ಲಿ ಕ್ರಯವಿದ್ದರೂ, ಹಣ ಹಿಂದಿರುಗಿಸಿದರೆ ಭೂಮಿಯನ್ನು ಬಿಟ್ಟುಕೊಡಬೇಕೆಂಬ ಷರತ್ತು ಅದೇ ಪತ್ರದಲ್ಲಿದ್ದರೆ ಅದು ಅಡಮಾನವೆನಿಸಬಹುದು. ಭಾಷಾಂತರಕಾರನು ‘ಅವಧಿ’ಯನ್ನು ಕೈಬಿಟ್ಟು ‘ಕ್ರಯ’ವನ್ನಷ್ಟೇ ಉಳಿಸಿದರೆ ಪತ್ರದ ಸ್ವರೂಪವೇ ಮರೆಯಾಗುತ್ತದೆ. ಭೋಗ್ಯದ ಅಡಮಾನದಲ್ಲಿ, ಪತ್ರ ಬರೆದ ದಿನದಿಂದ 30 ವರ್ಷ ಕಳೆದುದರಿಂದಲೇ ಬಿಡಿಸಿಕೊಳ್ಳುವ ಹಕ್ಕು ನಾಶವಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಸಿಂಗ್ ರಾಮ್ ಪ್ರಕರಣದಲ್ಲಿ ತೀರ್ಮಾನಿಸಿದೆ. ಆದ್ದರಿಂದ ತಾತನ ಕಾಲದ ಪದವು ಮೊಮ್ಮಗನ ಹಕ್ಕನ್ನು ಇಂದಿಗೂ ಕಾಯಬಲ್ಲುದು.

ಅಧೀನ ನ್ಯಾಯಾಲಯದ ಭಾಷೆಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 137ನೆಯ ಕಲಮಿನಂತೆ ರಾಜ್ಯ ಸರ್ಕಾರ ಗೊತ್ತುಪಡಿಸುತ್ತದೆ. ಉಚ್ಚ ನ್ಯಾಯಾಲಯದ ಭಾಷೆ ಸಂವಿಧಾನದ 348ನೆಯ ಅನುಚ್ಛೇದದಂತೆ ಸಾಮಾನ್ಯವಾಗಿ ಇಂಗ್ಲಿಷ್. ಹೀಗಾಗಿ ಗಡಿನಾಡಿನ ಕನ್ನಡ ಪತ್ರವು ಮೇಲೇರಿದಂತೆಲ್ಲ ಮೂಲರೂಪಕ್ಕಿಂತ ಹೆಚ್ಚಾಗಿ ಅನುವಾದದ ರೂಪದಲ್ಲಿ ಓದಿಸಿಕೊಳ್ಳುತ್ತದೆ. ಇದು ಎರಡನೆಯ ಮೇಲ್ಮನವಿಯಲ್ಲಿ ನಿರ್ಣಾಯಕವಾಗುತ್ತದೆ. ಸಂಹಿತೆಯ 100ನೆಯ ಕಲಮಿನ ಮೇರೆಗೆ ಮಹತ್ವದ ಕಾನೂನು ಪ್ರಶ್ನೆಯೊಂದು ಅಡಗಿದ್ದರಷ್ಟೇ ಉಚ್ಚ ನ್ಯಾಯಾಲಯ ಅದನ್ನು ಪುರಸ್ಕರಿಸುತ್ತದೆ. ಸಾಕ್ಷಿ ನಂಬತಕ್ಕವನೇ ಎಂಬಂತಹ ವಾಸ್ತವಾಂಶಗಳು ಕೆಳಗೇ ಮುಗಿದಿರಬೇಕು. ಒಡೆತನಕ್ಕೆ ಆಧಾರವಾದ ಪತ್ರದ ಅರ್ಥನಿರ್ಣಯವಾದರೋ ಕಾನೂನಿನ ಪ್ರಶ್ನೆಯಾಗಬಲ್ಲುದು. ಅಂದರೆ ‘ಭೋಗ್ಯ’ದ ಅರ್ಥ ತಪ್ಪಾಗಿ ತಿಳಿಯಲ್ಪಟ್ಟಿದೆಯೆಂಬ ವಾದವೇ ಉಚ್ಚ ನ್ಯಾಯಾಲಯದ ಬಾಗಿಲನ್ನು ತೆರೆಯಬಹುದು.

ಇತ್ತೀಚಿನ ಮಾರ್ಪಾಡುಗಳಲ್ಲಿ ಎರಡು ಇಲ್ಲಿ ಪ್ರಸ್ತುತ. 2019ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳಕೆಗೆ ತಂದ ‘ಸುವಾಸ್’ ಎಂಬ ಯಂತ್ರಾನುವಾದದ ತಂತ್ರಾಂಶದಲ್ಲಿ ಕನ್ನಡವೂ ಸೇರಿದೆ. ತೀರ್ಪನ್ನು ಕಕ್ಷಿದಾರನಿಗೆ ಅವನ ನುಡಿಯಲ್ಲಿ ತಲುಪಿಸಲು ಇದು ಉಪಯುಕ್ತವೇ ಸರಿ. ಆದರೆ ಅಧಿಕೃತ ಪಾಠ ಇಂಗ್ಲಿಷಿನದೇ. ಎರಡನೆಯದು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ. ಅಪರಿಚಿತ, ಬಳಕೆ ತಪ್ಪಿದ, ಪಾರಿಭಾಷಿಕ, ಸ್ಥಳೀಯ ಮತ್ತು ಪ್ರಾಂತೀಯ ಪದಗಳ ಅರ್ಥವನ್ನು ತೋರಿಸಲು ಸಾಕ್ಷ್ಯ ನೀಡಬಹುದೆಂದು ಅದರ 101ನೆಯ ಕಲಮು ಹೇಳುತ್ತದೆ. ನಿಯಮವೇನೂ ಹೊಸತಲ್ಲ, 1872ರ ಅಧಿನಿಯಮದ 98ನೆಯ ಕಲಮೇ ಸಂಖ್ಯೆ ಬದಲಿಸಿಕೊಂಡು ಬಂದಿದೆ. ಹಳಗನ್ನಡದ ಶಬ್ದಾರ್ಥವನ್ನು ಪ್ರಯೋಗಗಳಿಂದ ನಿರ್ಣಯಿಸುವ ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಈ ಕೆಲಸದ ರೀತಿ ಅಪರಿಚಿತವೇನಲ್ಲ.

ಆದರೆ ಈ ಸಾಕ್ಷ್ಯಕ್ಕೆ ಸಕಾಲವೆಂಬುದು ಒಂದಿದೆ. ಮೇಲ್ಮನವಿಯ ಹಂತದಲ್ಲಿ ಹೊಸ ಸಾಕ್ಷ್ಯವನ್ನು ಸಂಹಿತೆಯ 41ನೆಯ ಆದೇಶದ 27ನೆಯ ನಿಯಮವು ಕೆಲವೇ ಕಾರಣಗಳಿಗೆ ಮಿತಿಗೊಳಿಸಿದೆ. ಆದ್ದರಿಂದ ಅನುವಾದದ ದೋಷಕ್ಕೆ ಆಕ್ಷೇಪಣೆಯೂ, ಸ್ಥಳೀಯ ಪದದ ಅರ್ಥ ಬಲ್ಲವರ ಹೇಳಿಕೆಯೂ ಮೊದಲ ವಿಚಾರಣೆಯ ಕಡತದಲ್ಲಿಯೇ ದಾಖಲಾಗಬೇಕು. ಅಮರಾವತಿಯ ಪೀಠದ ಮುಂದೆ ವಕೀಲನು ಓದಿ ತೋರಿಸುವುದು ಆ ಕಡತವನ್ನೇ.