ಫಾರ್ಮಾಲ್ಡಿಹೈಡ್: ಒಂದು ಅವಧಿಗೆಂದು ಬರೆದು ಎರಡು ಅವಧಿ ನಡೆದ ಪಾಠ

ತರಗತಿ: 10. ವಿಷಯ: ವಿಜ್ಞಾನ. ಘಟಕ: ಕಾರ್ಬನ್ ಮತ್ತು ಅದರ ಸಂಯುಕ್ತಗಳು. ಉಪಘಟಕ: ಆಲ್ಡಿಹೈಡ್ ಗುಂಪು, ಮೆಥನಾಲ್‌ನ ವಿಷತ್ವ. ಅವಧಿ: ತಲಾ 40 ನಿಮಿಷ. ಅಭ್ಯಾಸ ಶಾಲೆ: ಟಿ. ದಾಸರಹಳ್ಳಿಯ ಒಂದು ಪ್ರೌಢಶಾಲೆ.

ಪ್ರೇರಣೆಗೆಂದು ಪ್ರಯೋಗಾಲಯದ ಬೀರುವಿನಿಂದ ಕಪ್ಪೆಯ ಜಾಡಿ ತಂದಿದ್ದೆ. ಲಾರಿಗಳ ಸದ್ದು ತಡೆಯಲು ಕಿಟಕಿಗಳನ್ನು ಮುಚ್ಚಿದ್ದೆವು. "ಇಷ್ಟು ವರ್ಷವಾದರೂ ಈ ಕಪ್ಪೆ ಯಾಕೆ ಕೊಳೆತಿಲ್ಲ?" ಎಂದು ಕೇಳಿ, ದ್ರಾವಣದ ವಾಸನೆಯೂ ಗೊತ್ತಾಗಲಿ ಎಂದು ಮುಚ್ಚಳ ತಿರುಗಿಸಿದೆ. ಎಣಿಸಿ ಹತ್ತು ಸೆಕೆಂಡು ಆಗಿರಬಹುದು. ಮೊದಲ ಸಾಲಿನ ನಾಲ್ಕು ಮಕ್ಕಳು ಕಣ್ಣು ಉಜ್ಜಿಕೊಳ್ಳತೊಡಗಿದರು, ಒಬ್ಬ ಕೆಮ್ಮಿದ. ಮುಚ್ಚಳ ಬಿಗಿಮಾಡಿ ಕಿಟಕಿ ತೆಗೆದು ಎಲ್ಲರನ್ನೂ ಹೊರಗೆ ಕಳಿಸಿದೆ. ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ಬರೆದದ್ದು ಎರಡೇ ಸಾಲು: "ಮಕ್ಕಳ ಗಮನ ಸೆಳೆದಿರಿ. ಈ ವಸ್ತು ಅದಕ್ಕೆ ತಕ್ಕದ್ದಲ್ಲ."

ಮಕ್ಕಳು ಒಳಗೆ ಬರುವಾಗ ಮೂರನೇ ಸಾಲಿನ ಹುಡುಗಿ ನನ್ನ ಮೇಜಿನ ಹತ್ತಿರ ನಿಂತಳು. "ಮಿಸ್, ನಮ್ಮಮ್ಮಂಗೂ ಹಿಂಗೇ ಕಣ್ಣು ಉರಿಯತ್ತೆ. ಗಾರ್ಮೆಂಟ್ಸಲ್ಲಿ ಇಸ್ತ್ರಿ ಸೆಕ್ಷನ್ನು. ಇದೇ ಗ್ಯಾಸಾ ಅದು?"

ಪಾಠ ಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. "ನಾಳೆ ಹೇಳ್ತೀನಿ" ಎಂದೆ. ಪೀಣ್ಯದ ಪಕ್ಕದ ಶಾಲೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ ಎಂದು ನನಗೆ ಮೊದಲೇ ಹೊಳೆಯಬೇಕಿತ್ತು.

ಎರಡನೆಯ ಅವಧಿಯನ್ನು ಹೆಸರುಗಳಿಂದ ಶುರುಮಾಡಿದೆ. ಮೆಥನಾಲ್ ಎಂಬುದು ಆಲ್ಕೋಹಾಲ್, ಮೆಥನ್ಯಾಲ್ ಎಂಬುದು ಆಲ್ಡಿಹೈಡ್. ಕನ್ನಡ ಲಿಪಿಯಲ್ಲಿ ಎರಡೂ ಅವಳಿ ಮಕ್ಕಳ ಹಾಗೆ ಕಾಣುತ್ತವೆ. ಮೆಥನ್ಯಾಲ್‌ನ ಬಳಕೆಯ ಹೆಸರೇ ಫಾರ್ಮಾಲ್ಡಿಹೈಡ್ ಎಂದು ಹೇಳಿ, ಮುಂದೆ ಆ ಹೆಸರನ್ನಷ್ಟೇ ಬಳಸಿದೆ. ಬೇರೆ ಪ್ರಶಿಕ್ಷಣಾರ್ಥಿಗಳಿಗೂ ಇದನ್ನೇ ಸೂಚಿಸುತ್ತೇನೆ. ಒಂದು ಕಾರ್ಬನ್, ಎರಡು ಹೈಡ್ರೋಜನ್, ಒಂದು ಆಕ್ಸಿಜನ್: ಆಲ್ಡಿಹೈಡ್‌ಗಳಲ್ಲೆಲ್ಲ ಚಿಕ್ಕದು ಇದು. ಕೋಣೆಯ ಉಷ್ಣತೆಯಲ್ಲಿ ಅನಿಲ. ನೀರಿನಲ್ಲಿ ತೂಕದ ಲೆಕ್ಕಕ್ಕೆ ಶೇ 37ರಷ್ಟು ಕರಗಿಸಿದರೆ ಫಾರ್ಮಾಲಿನ್. ಜಾಡಿಗಳಿಗೆ ಹಾಕುವುದು ಅದನ್ನೇ ಹತ್ತು ಪಟ್ಟು ತೆಳುಮಾಡಿ.

ಕಪ್ಪೆ ಕೊಳೆಯದಿರುವುದಕ್ಕೂ ಕಣ್ಣು ಉರಿಯುವುದಕ್ಕೂ ಮೂಲ ಒಂದೇ. ಇದನ್ನು ಮಕ್ಕಳಿಂದಲೇ ಆಡಿಸಿ ತೋರಿಸಿದೆ. ಆರಾರು ಮಕ್ಕಳ ಎರಡು ಸಾಲು, ಪ್ರತಿ ಸಾಲೂ ಒಂದು ಪ್ರೋಟೀನ್ ಎಳೆ. ಚಾಚಿದ ಕೈಗಳು ಅಮೈನೋ ಗುಂಪುಗಳು. ನಡುವೆ ಬರುವ ಹುಡುಗ ಫಾರ್ಮಾಲ್ಡಿಹೈಡ್. ಅವನು ಒಂದು ಸಾಲಿನ ಕೈ ಹಿಡಿಯುತ್ತಾನೆ. ಆಮೇಲೆ ತನ್ನ ಆಕ್ಸಿಜನ್ನನ್ನು ನೀರಾಗಿ ಬಿಟ್ಟು, ಇನ್ನೊಂದು ಸಾಲಿನ ಕೈಯನ್ನೂ ಹಿಡಿಯುತ್ತಾನೆ. ಈಗ ಎರಡೂ ಸಾಲು ನಡೆಯಲಿ ಎಂದೆ. ನಡೆಯಲಾಗಲಿಲ್ಲ. "ಎರಡು ಬಟ್ಟೆ ಸೇರಿಸಿ ಟಾಕು ಹಾಕಿದಂಗೆ ಮಿಸ್" ಎಂದಳು ಒಬ್ಬಳು. ನನ್ನ ಉಪಮೆಗಿಂತ ಅದೇ ಚೆನ್ನಾಗಿತ್ತು. ಸತ್ತ ಕಪ್ಪೆಯ ಪ್ರೋಟೀನುಗಳಿಗೆ ಹೀಗೆ ಟಾಕು ಬಿದ್ದರೆ ಸೂಕ್ಷ್ಮಜೀವಿಗಳ ಕಿಣ್ವಗಳು ಅದನ್ನು ಕತ್ತರಿಸಲಾರವು, ಆ ಜೀವಿಗಳೂ ಉಳಿಯವು. ಬದುಕಿರುವ ನಮ್ಮ ಕಣ್ಣು, ಮೂಗು, ಗಂಟಲಿನ ತೇವದ ಪೊರೆಗೆ ಅದೇ ಟಾಕು ಬಿದ್ದರೆ ಉರಿ. ಡಿಎನ್‌ಎ ಮತ್ತು ಅದಕ್ಕಂಟಿದ ಪ್ರೋಟೀನಿನ ನಡುವೆ ಬಿದ್ದರೆ, ಕೋಶ ಅದನ್ನು ಸರಿಯಾಗಿ ಬಿಡಿಸದಿದ್ದರೆ, ಅಲ್ಲಿಂದ ದೋಷ ಶುರುವಾಗಬಹುದು.

ಪಠ್ಯಪುಸ್ತಕದಲ್ಲಿ ಮೆಥನಾಲ್ ಯಕೃತ್ತಿನಲ್ಲಿ ಮೆಥನ್ಯಾಲ್ ಆಗುತ್ತದೆ, ಮೊಟ್ಟೆ ಬೆಂದ ಹಾಗೆ ಜೀವರಸ ಗಟ್ಟಿಯಾಗುತ್ತದೆ ಎಂಬ ಮಾತಿದೆ. ಅಲ್ಲಿಗೆ ನಿಲ್ಲಿಸಿದರೆ ಕಣ್ಣು ಹೋಗುವುದೇಕೆ ಎಂಬುದು ತಿಳಿಯುವುದಿಲ್ಲ. ಬೆಂಗಳೂರಿನಲ್ಲಿ 1981ರ ಜುಲೈನಲ್ಲಿ ಮೆಥನಾಲ್ ಬೆರೆತ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2008ರ ಮೇ ತಿಂಗಳಲ್ಲಿ ಬೆಂಗಳೂರು ಸುತ್ತಮುತ್ತ ಮತ್ತು ಗಡಿಯಾಚೆ ತಮಿಳುನಾಡಿನಲ್ಲಿ ಮತ್ತೆ ನೂರಕ್ಕೂ ಮೀರಿ ಸತ್ತರು. ಅವರ ದೇಹದಲ್ಲಿ ಫಾರ್ಮಾಲ್ಡಿಹೈಡ್ ಹುಟ್ಟಿತು, ಆದರೆ ಅದು ನಿಲ್ಲಲಿಲ್ಲ. ಬೇಗನೆ ಫಾರ್ಮಿಕ್ ಆಮ್ಲವಾಯಿತು. ಆ ಆಮ್ಲವನ್ನು ಕಳೆಯುವ ದಾರಿ ನಮ್ಮಲ್ಲಿ ನಿಧಾನ. ಅದು ಸೇರಿಕೊಂಡು ರಕ್ತ ಆಮ್ಲೀಯವಾಯಿತು, ದೃಷ್ಟಿನರ ಕೆಟ್ಟಿತು. ಇಂಥ ರೋಗಿಗೆ ವೈದ್ಯರು ಎಥನಾಲನ್ನೇ ಕೊಡುವುದುಂಟು ಎಂದಾಗ ತರಗತಿ ನಕ್ಕಿತು. ಮೆಥನಾಲನ್ನು ಬದಲಾಯಿಸುವ ಕಿಣ್ವ ಎಥನಾಲಿಗೆ ಹೆಚ್ಚು ಒಲಿಯುತ್ತದೆ, ಅಷ್ಟರಲ್ಲಿ ಮೆಥನಾಲ್ ಹಾಗೆಯೇ ಹೊರಹೋಗಲು ಸಮಯ ಸಿಗುತ್ತದೆ ಎಂದು ವಿವರಿಸಿದೆ. ಇದನ್ನು ಮನೆಯಲ್ಲಿ ಮಾಡುವ ಚಿಕಿತ್ಸೆ ಎಂದು ಯಾರೂ ತಿಳಿಯಬಾರದು ಎಂದು ಎರಡು ಸಲ ಹೇಳಿದೆ.

ಮುಂದಿನ ಮಾತು ಮಕ್ಕಳನ್ನು ಗೊಂದಲಕ್ಕೆ ಹಾಕಿತು. ನಮ್ಮೆಲ್ಲರ ರಕ್ತದಲ್ಲೂ ಫಾರ್ಮಾಲ್ಡಿಹೈಡ್ ಇದೆ, ಲೀಟರಿಗೆ ಸುಮಾರು 2ರಿಂದ 3 ಮಿಲಿಗ್ರಾಂ. ಕೋಶಗಳ ದಿನನಿತ್ಯದ ಕೆಲಸದಲ್ಲೇ ಅದು ಹುಟ್ಟುತ್ತದೆ. "ಹಂಗಾದ್ರೆ ಭಯ ಯಾಕೆ ಮಿಸ್?" ಎಂದ ಹಿಂದಿನ ಬೆಂಚಿನವನು. ಗ್ಲುಟಥಯೋನ್ ಎಂಬ ಸಣ್ಣ ಅಣು ಅದನ್ನು ಹಿಡಿದುಕೊಳ್ಳುತ್ತದೆ, ಒಂದು ಕಿಣ್ವ ಅದನ್ನು ಮುಂದೆ ಫಾರ್ಮೇಟ್ ಕಡೆಗೆ ದಾಟಿಸುತ್ತದೆ. ರಕ್ತಕ್ಕೆ ಬಂದದ್ದು ಒಂದೂವರೆ ನಿಮಿಷದೊಳಗೆ ಅರ್ಧಕ್ಕಿಳಿಯುತ್ತದೆ. ಉಸಿರಿನಲ್ಲಿ ಬಂದದ್ದಾದರೋ ರಕ್ತದವರೆಗೆ ಹೋಗುವುದೇ ಕಡಿಮೆ. ನೀರಿನಲ್ಲಿ ಚೆನ್ನಾಗಿ ಕರಗುವುದರಿಂದ ಹೆಚ್ಚಿನಂಶ ಮೂಗಿನ ಪೊರೆಯಲ್ಲೇ ನಿಂತುಬಿಡುತ್ತದೆ. ಆ ಒಂದು ಜಾಗದಲ್ಲಿ ಕಾವಲಿನ ಅಣುಗಳು ಸಾಲದೆ ಹೋದಾಗ ತೊಂದರೆ.

1980ರ ಸುಮಾರಿಗೆ ಅಮೆರಿಕದಲ್ಲಿ ನಡೆದ ಇಲಿಗಳ ಪ್ರಯೋಗದ ಅಂಕಿಗಳನ್ನು ಹಲಗೆಯ ಮೇಲೆ ಬರೆದೆ. ಎರಡು ವರ್ಷ ಉಸಿರಾಡಿದ ಇಲಿಗಳಲ್ಲಿ 2 ಪಿಪಿಎಂ ಇದ್ದಲ್ಲಿ ಮೂಗಿನ ಕ್ಯಾನ್ಸರ್ ಇಲ್ಲ, 5.6ರಲ್ಲಿ ನೂರಕ್ಕೆ ಒಂದರಷ್ಟು, 14.3ರಲ್ಲಿ ಹತ್ತಿರಹತ್ತಿರ ಅರ್ಧ. ಪ್ರಮಾಣ ಎರಡೂವರೆ ಪಟ್ಟು ಏರಿದರೆ ಕೇಡು ಹತ್ತಾರು ಪಟ್ಟು ಏಕೆ ಏರಿತು ಎಂದು ಕೇಳಿದೆ. ಟಾಕಿನ ಉಪಮೆ ಹೇಳಿದ ಹುಡುಗಿಯೇ "ಬಿಚ್ಚೋರು ಸಾಲಲಿಲ್ಲ" ಎಂದಳು.

ಮನುಷ್ಯರ ವಿಷಯದಲ್ಲಿ, ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಇದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು, ಮೂಗಿನ ಹಿಂಭಾಗದ ಗಂಟಲಿನ ಕ್ಯಾನ್ಸರ್‌ನ ಆಧಾರದ ಮೇಲೆ. 2009ರಲ್ಲಿ ರಕ್ತದ ಕ್ಯಾನ್ಸರನ್ನೂ ಸೇರಿಸಿತು. ಮೂಗಿನಲ್ಲೇ ನಿಲ್ಲುವ ಅನಿಲ ಮೂಳೆಮಜ್ಜೆಯನ್ನು ಹೇಗೆ ಕೆಡಿಸುತ್ತದೆ ಎಂಬುದರ ಬಗ್ಗೆ ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ. ಇದನ್ನೂ ಮಕ್ಕಳಿಗೆ ಹೇಳಿದೆ.

ಇನ್ನು ಆ ಹುಡುಗಿಯ ಪ್ರಶ್ನೆ. ಸುಕ್ಕುಗಟ್ಟದ ಬಟ್ಟೆಗೆ ಹಾಕುವ ರಾಳಗಳಲ್ಲಿ ಫಾರ್ಮಾಲ್ಡಿಹೈಡ್‌ನಿಂದ ತಯಾರಾದವು ಹಲವು. ಬಿಸಿ ಹಬೆ ತಗುಲಿದಾಗ ಅದು ಸ್ವಲ್ಪಸ್ವಲ್ಪವಾಗಿ ಬಿಡುಗಡೆಯಾಗುತ್ತದೆ. ಆದ್ದರಿಂದ ಅವಳ ಅನುಮಾನಕ್ಕೆ ಆಧಾರವಿದೆ. ಆದರೆ ಕಣ್ಣುರಿಯೊಂದರಿಂದಲೇ ಅದೇ ಅನಿಲ ಎಂದು ಹೇಳಲಾಗದು, ಗಾಳಿಯನ್ನು ಅಳೆಯಬೇಕು. ಮನೆಯ ಗಾಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಅರ್ಧ ಗಂಟೆಯ ಸರಾಸರಿಯಲ್ಲಿ ಘನಮೀಟರಿಗೆ 0.1 ಮಿಲಿಗ್ರಾಂ, ಅಂದರೆ 0.08 ಪಿಪಿಎಂ, ಅಮೆರಿಕದ ಕೆಲಸದ ಜಾಗಗಳಿಗೆ 8 ಗಂಟೆಯ ಸರಾಸರಿ 0.75 ಪಿಪಿಎಂ. ಮೂಗು ಬೇಗ ಒಗ್ಗಿಕೊಳ್ಳುವುದರಿಂದ ವಾಸನೆ ನಿಂತಿತೆಂದರೆ ಅನಿಲ ಹೋಯಿತೆಂದಲ್ಲ. ಬಟ್ಟೆಯ ಮಾಸ್ಕು ಧೂಳು ತಡೆದೀತು, ಅನಿಲವನ್ನಲ್ಲ. ಹಬೆಯನ್ನು ಹೊರಗೆಳೆಯುವ ಫ್ಯಾನು, ತೆರೆದ ಕಿಟಕಿ ನಿಜವಾದ ಸಹಾಯ. ಹೊರಗೆ ಬಂದ ಮೇಲೂ ಉರಿ ಇಳಿಯದಿದ್ದರೆ, ಏದುಸಿರು, ಮೂಗಿನಲ್ಲಿ ರಕ್ತ, ಚರ್ಮದಲ್ಲಿ ಗಂದೆ ಕಂಡರೆ ಇಎಸ್‌ಐ ವೈದ್ಯರಿಗೆ ತೋರಿಸಿ, ಯಾವ ಕೆಲಸ ಎಂಬುದನ್ನೂ ಹೇಳಬೇಕು.

"ಕ್ಯಾನ್ಸರ್ ಬರತ್ತಾ?" ಎಂದು ಅವಳು ಕೇಳಲಿಲ್ಲ, ಪಕ್ಕದವನು ಕೇಳಿದ. ಕಣ್ಣುರಿದವರಿಗೆಲ್ಲ ಬರುವುದಿಲ್ಲ, ಆ ಗಂಟಲಿನ ಕ್ಯಾನ್ಸರ್ ಅಪರೂಪದ್ದು, ಪ್ರಮಾಣ ಮತ್ತು ವರ್ಷಗಳು ಹೆಚ್ಚಿದಂತೆ ಅಪಾಯ ಹೆಚ್ಚುತ್ತದೆ, ಅದಕ್ಕೇ ಈಗಲೇ ಕಡಿಮೆ ಮಾಡಿಕೊಳ್ಳಬೇಕು ಎಂದೆ. "ಏನೂ ಆಗಲ್ಲ" ಎನ್ನಬೇಕೆಂದು ನಾಲಗೆಯವರೆಗೆ ಬಂದಿತ್ತು.

ಬೀರುವಿನ ಬಗ್ಗೆ ಒಂದು ಮಾತು. ಅಲ್ಲಿ ಫಾರ್ಮಾಲಿನ್ ಜಾಡಿಗಳ ಪಕ್ಕದಲ್ಲೇ ಹೈಡ್ರೋಕ್ಲೋರಿಕ್ ಆಮ್ಲದ ಸೀಸೆ ಇತ್ತು. ಈ ಎರಡರ ಆವಿ ಸೇರಿದರೆ ಫಾರ್ಮಾಲ್ಡಿಹೈಡ್‌ಗಿಂತಲೂ ಕೆಟ್ಟ ಕ್ಯಾನ್ಸರ್‌ಕಾರಕ ಉಂಟಾಗಬಹುದು. ಆಮ್ಲವನ್ನು ಬೇರೆ ಕಪಾಟಿಗೆ ಸಾಗಿಸಿದೆವು, ಜಾಡಿಗಳ ಮುಚ್ಚಳದ ಸುತ್ತ ಮೇಣ ಸುರಿದೆವು. ನಿಮ್ಮ ಅಭ್ಯಾಸ ಶಾಲೆಯ ಬೀರುವನ್ನೂ ಒಮ್ಮೆ ತೆಗೆದು ನೋಡಿ.

ಮೌಲ್ಯಮಾಪನದ ಐದು ಪ್ರಶ್ನೆಗಳಲ್ಲಿ "ರಕ್ತದಲ್ಲೇ ಇರುವ ವಸ್ತು ಮೂಗಿಗೆ ಏಕೆ ಕೇಡು?" ಎಂಬುದಕ್ಕೆ ತರಗತಿಯ ಅರ್ಧದಷ್ಟು ಮಕ್ಕಳು ಮಾತ್ರ ಸರಿಯಾಗಿ ಬರೆದರು. ಉಳಿದವರಿಗೆ ಸೋಮವಾರ ಮತ್ತೆ ಹೇಳಿದೆ. ಅಂದು ಗಂಟೆ ಹೊಡೆದ ಮೇಲೆ ಆ ಹುಡುಗಿ ಬಂದಳು. "ಅಮ್ಮ ಕೇಳಿದ್ರು ಮಿಸ್, ಆ ಗ್ಯಾಸಿನ ಹೆಸರು ಒಂದು ಚೀಟೀಲಿ ಬರ್ಕೊಡ್ತೀರಾ ಅಂತ. ಸೂಪರ್‌ವೈಸರ್‌ನ ಕೇಳ್ತಾರಂತೆ." ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ. ಕೆಳಗೆ, ಗಾಳಿ ಅಳತೆ ಮಾಡಿಸಿದ್ದಾರಾ ಎಂಬ ಪ್ರಶ್ನೆಯನ್ನೂ.