ಹಾಡುವ ಕಾರಿಗೆ ತಕ್ಕ ಬ್ಯಾಟರಿ

ಕಾರಿಗೆ ಹೊಸದಾಗಿ ಆಂಪ್ಲಿಫೈಯರ್, ಸಬ್‌ವೂಫರ್‌ಗಳನ್ನು ಕೂಡಿಸಿಕೊಂಡ ಸಂಗೀತಪ್ರಿಯರು, ಡಗ್ಗಾದ ಒಂದೊಂದು ಪೆಟ್ಟಿಗೂ ಹೆಡ್‌ಲೈಟುಗಳು ಮಂಕಾಗುವುದನ್ನು ಕಂಡೊಡನೆ ಬ್ಯಾಟರಿಯನ್ನೇ ದೂಷಿಸಿ ಅಂಗಡಿಗೆ ಧಾವಿಸುವ ಮುನ್ನ, ಎಂಜಿನ್ ಚಾಲನೆಯಲ್ಲಿರುವಾಗ ಬ್ಯಾಟರಿಯ ಟರ್ಮಿನಲ್ಲುಗಳಲ್ಲಿ ಸುಮಾರು 14 ವೋಲ್ಟ್ ದೊರೆಯುತ್ತಿದೆಯೇ, ಅರ್ಥಿಂಗ್ ತಂತಿ ಬಿಗಿಯಾಗಿದೆಯೇ ಎಂಬುದನ್ನು ಅವಶ್ಯವಾಗಿ ಪರೀಕ್ಷಿಸಿಕೊಳ್ಳಬೇಕು. ಏಕೆಂದರೆ ಆಗ ವಿದ್ಯುತ್ತನ್ನು ಒದಗಿಸುವ ಭಾರ ಮುಖ್ಯವಾಗಿ ಆಲ್ಟರ್ನೇಟರಿನದು.

ಎಂಜಿನ್ ನಿಲ್ಲಿಸಿ ದೀರ್ಘಕಾಲ ಹಾಡು ಕೇಳುವ ಅಭ್ಯಾಸವುಳ್ಳವರಿಗಾದರೋ ಹೆಚ್ಚು ಸಾಮರ್ಥ್ಯದ ಬ್ಯಾಟರಿ ನಿಜವಾಗಿಯೂ ಬೇಕು. ಅಂಥವರು ಎಂಜಿನ್ ಎಬ್ಬಿಸುವ ಆಂಪಿಯರ್ ಸಂಖ್ಯೆಯನ್ನಷ್ಟೇ ನೋಡದೆ, 25 ಆಂಪಿಯರ್ ಹೊರೆಯನ್ನು ಎಷ್ಟು ನಿಮಿಷ ತಾಳುವುದೆಂದು ತಿಳಿಸುವ ರಿಸರ್ವ್ ಕೆಪಾಸಿಟಿಯನ್ನು ವಿಚಾರಿಸಲಿ. ಆಳವಾಗಿ ಬರಿದಾಗುವುದನ್ನು ಸಾಮಾನ್ಯವಾದವುಗಳಿಗಿಂತ ಚೆನ್ನಾಗಿ ಸಹಿಸುವ ಎಜಿಎಂ ಬ್ಯಾಟರಿಯ ಕಡೆಗೇ, ಬೆಲೆ ಅಧಿಕವಾದರೂ, ನನ್ನ ಒಲವು. ಕೊಳ್ಳಹೋಗುವಾಗ ಹಳೆಯದರ ಉದ್ದಗಲ ಎತ್ತರಗಳನ್ನೂ ಪಾಸಿಟಿವ್ ಟರ್ಮಿನಲ್ ಎಡಕ್ಕಿದೆಯೋ ಬಲಕ್ಕೋ ಎಂಬುದನ್ನೂ ಬರೆದೊಯ್ಯಿರಿ.